ನರಸಾಪುರದಲ್ಲಿ ಕೆಲಸ ಸಿಕ್ಕಿದರೆ ಮನೆ ಎಲ್ಲಿ ಮಾಡಬೇಕು?

"ಮೇಡಂ, ನರಸಾಪುರದಲ್ಲೇ ಮನೆ ಮಾಡಲಾ, ಕೋಲಾರದಲ್ಲಿ ಮಾಡಲಾ?"

ಕೋಲಾರದ ಹತ್ತಿರದ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಗೆ ಹೊಸದಾಗಿ ಸೇರುವವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು. ನಾನು ಸ್ಟೋರ್ಸ್‌ನಲ್ಲಿ ಇದ್ದೇನೆ. ಸೇಫ್ಟಿ ಶೂ, ಯೂನಿಫಾರ್ಮ್ ತೆಗೆದುಕೊಳ್ಳಲು ಎಲ್ಲರೂ ನನ್ನ ಕಿಟಕಿಗೆ ಬರಲೇಬೇಕು. ಶೂ ಸೈಜ್ ಹೇಳುತ್ತಲೇ ಮನೆ ವಿಷಯ ತೆಗೆಯುತ್ತಾರೆ. ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. "ನೀವು ಕೆಲಸಕ್ಕೆ ಬಂದಾಗ ಮನೆಯಲ್ಲಿ ಯಾರಿರುತ್ತಾರೆ?"

ನಮಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. 2022ರ ಜೂನ್‌ನಲ್ಲಿ ನಾವು ಅರಸೀಕೆರೆಯಿಂದ ಬಂದೆವು. ನಾನು, ನಮ್ಮ ಯಜಮಾನರು, ಎರಡನೇ ಕ್ಲಾಸಿನ ಮಗಳು, ಅತ್ತೆ. ಯಜಮಾನರು ತಿಪಟೂರಿನ ಕೊಬ್ಬರಿ ಮಂಡಿಗಳಿಗೆ ಲೆಕ್ಕ ಬರೆಯುತ್ತಾರೆ. ಕಂಪ್ಯೂಟರ್, ಕರೆಂಟು, ನೆಟ್ ಇದ್ದರೆ ಅವರ ಕೆಲಸ ಯಾವ ಊರಿನಿಂದಲಾದರೂ ನಡೆಯುತ್ತದೆ. ಅತ್ತೆಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಇಷ್ಟೆಲ್ಲ ಗೊತ್ತಿದ್ದೂ ನಾವು ನೋಡಿದ್ದು ಒಂದನ್ನೇ. ಕಾರ್ಖಾನೆ ಗೇಟಿಗೆ ಎಷ್ಟು ದೂರ?

ನರಸಾಪುರದ ಹೊರಗೆ ಹೊಸದಾಗಿ ಕಟ್ಟಿದ್ದ ಮೂರು ಅಂತಸ್ತಿನ ಕಟ್ಟಡ ಸಿಕ್ಕಿತು. ಎರಡನೇ ಮಹಡಿ, ಬಾಡಿಗೆ 6,500. ಸ್ಕೂಟಿಯಲ್ಲಿ ಗೇಟಿಗೆ 10 ನಿಮಿಷ. ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು ಅಂದುಕೊಂಡೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಅತ್ತೆ ಮಾತು ಕಡಿಮೆ ಮಾಡಿದರು. ಕೆಳಗೆ, ಮೇಲೆ ಎಲ್ಲ ರೂಮುಗಳಲ್ಲೂ ಪಾಳಿ ಕೆಲಸದ ಹುಡುಗರು. ಒಳ್ಳೆಯ ಹುಡುಗರೇ. ಆದರೆ ರಾತ್ರಿ ಪಾಳಿ ಮುಗಿಸಿ ಬಂದವರು ಹಗಲೆಲ್ಲ ಮಲಗಿರುತ್ತಾರೆ. ಅತ್ತೆಗೆ ಮಾತಾಡಲು ಒಂದು ಹೆಂಗಸು ಇಲ್ಲ. ಮೆಟ್ಟಿಲು ಇಳಿದರೆ ಖಾಲಿ ಸೈಟುಗಳು, ಆಮೇಲೆ ಹೆದ್ದಾರಿಗೆ ಹೋಗುವ ಲಾರಿಗಳ ರಸ್ತೆ. ಮಗಳನ್ನು ಕೋಲಾರದ ಶಾಲೆಗೆ ಸೇರಿಸಿದ್ದೆವು. ವ್ಯಾನ್ ಬೆಳಿಗ್ಗೆ 7 ಗಂಟೆಗೆ ಬರುತ್ತಿತ್ತು. ಎಲ್ಲ ಹಳ್ಳಿ ಸುತ್ತಿಕೊಂಡು ಶಾಲೆ ಮುಟ್ಟಲು ಒಂದು ಗಂಟೆ. ಔಷಧಿ, ಒಳ್ಳೆಯ ತರಕಾರಿ, ಬ್ಯಾಂಕು, ಎಲ್ಲಕ್ಕೂ ಯಜಮಾನರು ಬಸ್ಸಿಗೆ ಕಾದು ಕೋಲಾರಕ್ಕೆ ಹೋಗಬೇಕು. ಸ್ಕೂಟಿ ನನ್ನ ಜೊತೆ ಕಾರ್ಖಾನೆಯಲ್ಲಿ ನಿಂತಿರುತ್ತಿತ್ತು.

ಜನವರಿಯ ಒಂದು ರಾತ್ರಿ ನನಗೆ ಎರಡನೇ ಪಾಳಿ. ಒಂಬತ್ತೂವರೆಗೆ ಅತ್ತೆಗೆ ಸಕ್ಕರೆ ಇಳಿದು ಮೈ ಬೆವರಿ ಮಾತು ತೊದಲತೊಡಗಿತು. ಆಟೋ ಇಲ್ಲ. ನನ್ನ ಫೋನು ಲಾಕರ್‌ನಲ್ಲಿ. ಮೇಲಿನ ರೂಮಿನ ಒಬ್ಬ ಹುಡುಗ ಓಡಿಹೋಗಿ ಯಾರದೋ ಲಗೇಜ್ ಆಟೋ ಕರೆದುಕೊಂಡು ಬಂದ. ಅದರ ಹಿಂದೆ ಚಾಪೆ ಹಾಸಿ ಅತ್ತೆಯನ್ನು ಮಲಗಿಸಿಕೊಂಡು, ಮಗಳನ್ನೂ ಕೂರಿಸಿಕೊಂಡು ಇವರು ಕೋಲಾರಕ್ಕೆ ಹೋದರು. ನನಗೆ ಗೊತ್ತಾದದ್ದು ಹತ್ತು ಗಂಟೆಗೆ ಪಂಚ್ ಮಾಡಿ ಲಾಕರ್ ತೆಗೆದ ಮೇಲೆ. ದೇವರ ದಯೆ, ಅತ್ತೆ ಬೆಳಗಾಗುವಷ್ಟರಲ್ಲಿ ಎದ್ದು ಕೂತರು. ಆ ಹುಡುಗನಿಗೆ ಈಗಲೂ ಪ್ರತಿ ಹಬ್ಬಕ್ಕೆ ನಮ್ಮ ಮನೆಯಲ್ಲೇ ಊಟ.

ಆಸ್ಪತ್ರೆ ಬೆಂಚಿನ ಮೇಲೆ ಕೂತು ನಾನು ಲೆಕ್ಕ ಹಾಕಿದೆ. ಗೇಟಿನ ಹತ್ತಿರ ಮನೆ ಮಾಡಿ ನಾನು ದಿನಕ್ಕೆ ಉಳಿಸಿದ್ದು ಒಂದು ಗಂಟೆ. ಮಗಳು ಕಳೆದುಕೊಂಡದ್ದು ಎರಡು ಗಂಟೆ. ಇವರದು ಸರಾಸರಿ ಒಂದು ಗಂಟೆ. ಅತ್ತೆಯದು ಇಡೀ ದಿನ. ನನ್ನನ್ನು ಕರೆದೊಯ್ಯಲು ಕಂಪನಿ ಬಸ್ ಕೋಲಾರದಿಂದಲೇ ದಿನಕ್ಕೆ ಮೂರು ಹೊತ್ತು ಹೊರಡುತ್ತಿತ್ತು. ಅವರನ್ನು ಕರೆದೊಯ್ಯಲು ಯಾರೂ ಬರುತ್ತಿರಲಿಲ್ಲ.

ಮುಂದಿನ ತಿಂಗಳೇ ಕೋಲಾರಕ್ಕೆ ಬಂದೆವು.

ಮನೆ ನೋಡುವ ಮೊದಲು ಒಂದು ಹಾಳೆ

ಫೋನಿನಲ್ಲಿ ಬಾಡಿಗೆ ಮನೆ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಎಲ್ಲರ ಹೆಸರು ಬರೆಯಿರಿ. ಒಬ್ಬೊಬ್ಬರೂ ವಾರದಲ್ಲಿ ಎಲ್ಲೆಲ್ಲಿ ಹೋಗಬೇಕು, ಎಷ್ಟು ಸಲ, ಯಾವ ಹೊತ್ತಿಗೆ, ಯಾರ ಜೊತೆ ಅಂತ ಬರೆಯಿರಿ. ದೇವಸ್ಥಾನ, ಟ್ಯೂಷನ್, ಮೀನು ಅಂಗಡಿ, ತಂಗಿಯ ಮನೆ ಎಲ್ಲವೂ ಬರಲಿ. ಆಮೇಲೆ ಪ್ರತಿ ಓಡಾಟದ ಮುಂದೆ "ವಾಹನ ಯಾರದು?" ಅಂತ ಬರೆಯಿರಿ. ಕಂಪನಿ ಬಸ್ ಇರುವ ಓಡಾಟಕ್ಕೆ ಒಂದು ಗೆರೆ ಎಳೆದುಬಿಡಿ. ಅದು ಮನೆ ಎಲ್ಲಿದ್ದರೂ ಹೇಗೋ ನಡೆಯುತ್ತದೆ. ಗೆರೆ ಬೀಳದೆ ಉಳಿದವೇ ನಿಮ್ಮ ಮನೆ ಎಲ್ಲಿರಬೇಕು ಅಂತ ಹೇಳುತ್ತವೆ.

ಒಬ್ಬರೇ ಬರುವವರಾದರೆ ಲೆಕ್ಕ ಬೇರೆ. ಮದುವೆಯಾಗದ ಹುಡುಗರು ಮೂವರು ಸೇರಿ ನರಸಾಪುರದಲ್ಲೇ ರೂಮು ಮಾಡಿದರೆ ತಪ್ಪೇನಿಲ್ಲ. ನಿದ್ದೆ ಜಾಸ್ತಿ ಸಿಗುತ್ತದೆ, ಖರ್ಚು ಕಡಿಮೆ. ನಾನು ಈಗ ಬರೆಯುತ್ತಿರುವುದು ಸಂಸಾರ ಕರೆದುಕೊಂಡು ಬರುವವರಿಗೆ.

ಸುತ್ತಲಿನ ಊರುಗಳು

ನರಸಾಪುರ ಇರುವುದು ಬೆಂಗಳೂರು–ಕೋಲಾರ ಹೆದ್ದಾರಿಯಲ್ಲಿ, ಅಂದರೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ. 2013ರಲ್ಲಿ ಹೋಂಡಾ ಬೈಕ್ ಕಾರ್ಖಾನೆ ಇಲ್ಲಿ ಶುರುವಾಯಿತು. ಆಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು, 2023ರಲ್ಲಿ ಅದು ಟಾಟಾದವರ ಕೈಗೆ ಹೋಯಿತು. ಇವುಗಳ ಹಿಂದೆ ನಮ್ಮಂಥ ಬಿಡಿಭಾಗದ ಕಾರ್ಖಾನೆಗಳು. ಪಕ್ಕದ ವೇಮಗಲ್ ಕಡೆಗೂ ಕೈಗಾರಿಕಾ ಪ್ರದೇಶ ಇದೆ. ಕೆಲಸ ಬೇಗ ಬೆಳೆಯಿತು. ಮನೆಗಳು ಅದರ ಹಿಂದೆ ಓಡಿದವು. ಶಾಲೆ, ಆಸ್ಪತ್ರೆ, ಚರಂಡಿ ಅಷ್ಟು ವೇಗವಾಗಿ ಓಡಲಿಲ್ಲ. ಹೊಸ ಕಟ್ಟಡದ ಹೊಳೆಯುವ ಟೈಲ್ಸ್ ನೋಡಿ ಮರುಳಾಗಬೇಡಿ ಅನ್ನುವುದು ಇದಕ್ಕೇ.

ಕೋಲಾರ ನನ್ನ ಮೊದಲ ಸಲಹೆ. ನರಸಾಪುರದಿಂದ ಸುಮಾರು 15 ಕಿಲೋಮೀಟರ್. ಜಿಲ್ಲಾ ಕೇಂದ್ರ ಆದ್ದರಿಂದ ಸರ್ಕಾರಿ ಎಸ್.ಎನ್.ಆರ್. ಆಸ್ಪತ್ರೆ ಊರೊಳಗೇ ಇದೆ. ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆ ಇದೆ. ತರಕಾರಿಗೆ ಹೇಳುವುದೇ ಬೇಡ. ಟೊಮೆಟೊ ಇಡೀ ದೇಶಕ್ಕೆ ಇಲ್ಲಿಂದ ಹೋಗುತ್ತದೆ. ಚಳಿಗಾಲದಲ್ಲಿ ಅವರೆಕಾಯಿ ಬಂತೆಂದರೆ ಬೀದಿಯೆಲ್ಲ ಅದರ ಸೊಗಡು. ನಮ್ಮ ಅತ್ತೆ ಈಗ ಪಕ್ಕದ ಮನೆಯವರ ಜೊತೆ ಕೂತು ಕಾಳು ಹಿತುಕುತ್ತಾರೆ. ಇಲ್ಲಿ ಮನೆಮಾತು ತೆಲುಗು ಇರುವವರು ಜಾಸ್ತಿ, ಆದರೆ ಕನ್ನಡದಲ್ಲಿ ಎಲ್ಲ ವ್ಯವಹಾರ ನಡೆಯುತ್ತದೆ. ನಮ್ಮ ಕಡೆಯ ಕನ್ನಡ ಕೇಳಿ "ನೀವು ಯಾವ ಕಡೆಯವರು?" ಅಂತ ಪ್ರೀತಿಯಿಂದ ವಿಚಾರಿಸುತ್ತಾರೆ.

ಕೋಲಾರದೊಳಗೆ ಎಲ್ಲಿ ಅನ್ನುವುದೂ ಮುಖ್ಯ. ಟಮಕ ಊರಿನ ಆ ಕಡೆ, ನರಸಾಪುರ ಈ ಕಡೆ. ವಯಸ್ಸಾದವರಿಗೆ ಪದೇಪದೇ ಆಸ್ಪತ್ರೆ ಬೇಕು ಅನ್ನುವವರು ಟಮಕದಲ್ಲಿ ಮನೆ ಮಾಡಬಹುದು. ಆದರೆ ಬಸ್ಸಿನಲ್ಲಿ ಊರು ದಾಟುವ ಸಮಯ ಸೇರಿಸಿಕೊಳ್ಳಿ. ಅಂತರಗಂಗೆ ಬೆಟ್ಟದ ಬುಡದ ಕಡೆ ಗಾಳಿ ಚೆನ್ನಾಗಿದೆ, ಕೋತಿಗಳೂ ಇವೆ. ತಾರಸಿಯಲ್ಲಿ ಹಪ್ಪಳ ಒಣಗಿಸುವ ಆಸೆ ಇದ್ದರೆ ಯೋಚಿಸಿ. ನಾವು ಕೋಟೆ ಕಡೆ ಹಳೆಯ ಬೀದಿಯೊಂದರಲ್ಲಿ ನೆಲಮಹಡಿಯ ಮನೆ ಹಿಡಿದೆವು. ಬಾಡಿಗೆ 8,500. ಟೈಲ್ಸ್ ಇಲ್ಲ, ರೆಡ್ ಆಕ್ಸೈಡ್ ನೆಲ. ಅತ್ತೆ ಕೋಲೂರಿಕೊಂಡು ಕೋಲಾರಮ್ಮನ ಗುಡಿಗೆ ತಾವೇ ಹೋಗಿ ಬರುತ್ತಾರೆ. ಮಗಳು ಶಾಲೆಗೆ ಅಪ್ಪನ ಜೊತೆ ನಡೆದು ಹೋಗುತ್ತಾಳೆ, 12 ನಿಮಿಷ.

ಬಂಗಾರಪೇಟೆಗೂ ಒಂದು ದೊಡ್ಡ ಗುಣವಿದೆ. ಅದು ರೈಲು ಜಂಕ್ಷನ್. ಗಂಡನಿಗೆ ನರಸಾಪುರದಲ್ಲಿ ಕೆಲಸ, ಹೆಂಡತಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ ಅಂತಿದ್ದರೆ ಬಂಗಾರಪೇಟೆ ಅಥವಾ ಮಾಲೂರು ನೋಡಿ. ಕೆ.ಜಿ.ಎಫ್. ಕಡೆಯಿಂದ ಬೆಳಗಿನ ರೈಲುಗಳಲ್ಲಿ ಸಾವಿರಾರು ಜನ ಬೆಂಗಳೂರಿಗೆ ಹೋಗಿ ಬರುತ್ತಾರೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಊರಿನ ಜನರ ಹೊಟ್ಟೆಪಾಡೇ ಆ ರೈಲುಗಳ ಮೇಲೆ ನಿಂತಿತು. ರೈಲು ಮಾಲೂರು ದಾಟಿ ವೈಟ್‌ಫೀಲ್ಡ್, ಕೆ.ಆರ್. ಪುರದಲ್ಲಿ ಇಳಿಸುತ್ತದೆ. 2023ರಿಂದ ಅಲ್ಲಿ ಎರಡೂ ಕಡೆ ಮೆಟ್ರೋ ಸಿಗುತ್ತದೆ. ಸೀಸನ್ ಪಾಸ್ ಮಾಡಿಸಿದರೆ ಖರ್ಚೂ ಹಗುರ. ಆದರೆ ನರಸಾಪುರಕ್ಕೆ ಹೋಗುವವರಿಗೆ ಬಂಗಾರಪೇಟೆ ದೂರವಾಗುತ್ತದೆ. ಮೊದಲು ಕೋಲಾರಕ್ಕೆ ಬಂದು ಆಮೇಲೆ ಹೆದ್ದಾರಿ ಹಿಡಿಯಬೇಕು. ನಿಮ್ಮ ಕಂಪನಿ ಬಸ್ ಅಲ್ಲಿಗೆ ಬರುತ್ತದಾ ಕೇಳಿಕೊಳ್ಳಿ. ಬರದಿದ್ದರೆ ಬೇಡ. ಮಾಲೂರಿನಿಂದಲೂ ಒಳರಸ್ತೆಯಲ್ಲೇ ಬರಬೇಕು. ರಾತ್ರಿ ಪಾಳಿಗೆ ಬೈಕಿನಲ್ಲಿ ಆ ರಸ್ತೆ ಹಿಡಿಯಿರಿ ಅಂತ ನಾನು ಯಾರಿಗೂ ಹೇಳಲಾರೆ.

ಹೊಸಕೋಟೆ, ಕೆ.ಆರ್. ಪುರದಿಂದ ಬರುವವರೂ ಬಹಳ ಜನ. ಬೆಳಿಗ್ಗೆ ಎಲ್ಲರೂ ಬೆಂಗಳೂರಿನ ಕಡೆ ಹೋಗುವಾಗ ಇವರು ಎದುರು ದಿಕ್ಕಿನಲ್ಲಿ ಬರುತ್ತಾರೆ, ಹಾಗಾಗಿ ಹೊಸಕೋಟೆ ದಾಟಿದರೆ ರಸ್ತೆ ಸಲೀಸು. ಆದರೆ ಬೆಂಗಳೂರಿನ ಬಾಡಿಗೆ ಕೊಟ್ಟು, ಸ್ವಂತ ಕಾರಾದರೆ ಟೋಲ್ ಕೊಟ್ಟು, ದಿನಕ್ಕೆ ಎರಡು ಮೂರು ಗಂಟೆ ರಸ್ತೆಯಲ್ಲಿ ಕಳೆಯುವುದು ಯಾವಾಗ ಸರಿ ಅಂದರೆ, ಮನೆಯ ಇನ್ನೊಬ್ಬರ ಸಂಬಳ ಬೆಂಗಳೂರಿನಲ್ಲೇ ಇದ್ದಾಗ. ಇಲ್ಲದಿದ್ದರೆ ಸುಮ್ನೆ ಊರಿನ ಹೆಸರಿಗೆ ದುಡ್ಡು ಕೊಟ್ಟಂತೆ.

ಕಿಲೋಮೀಟರ್ ಬಿಡಿ, ಗಂಟೆ ನೋಡಿ

ಮನೆ ನೋಡಲು ಎಲ್ಲರೂ ಭಾನುವಾರ ಹನ್ನೊಂದು ಗಂಟೆಗೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಯಾವ ಬೀದಿಯೂ ಚೆನ್ನಾಗಿಯೇ ಕಾಣುತ್ತದೆ. ಪಾಳಿ ಕೆಲಸದವರು ಬೆಳಿಗ್ಗೆ ಐದು ಗಂಟೆಗೆ, ರಾತ್ರಿ ಹನ್ನೊಂದಕ್ಕೆ ಅಲ್ಲಿ ನಡೆಯಬೇಕು. ಹಾಗಾಗಿ ಮನೆ ಒಪ್ಪುವ ಮೊದಲು ರಾತ್ರಿ ಹನ್ನೊಂದಕ್ಕೆ ಒಮ್ಮೆ ಹೋಗಿ. ಕಂಪನಿ ಬಸ್ ಇಳಿಸುವ ಪಾಯಿಂಟಿನಿಂದ ಮನೆ ಬಾಗಿಲಿನವರೆಗೆ ನಡೆದು ನೋಡಿ. ಬೀದಿ ದೀಪ ಎಷ್ಟು ಉರಿಯುತ್ತವೆ? ನಾಯಿಗಳು ಎಷ್ಟಿವೆ? ತೆರೆದಿರುವ ಒಂದು ಅಂಗಡಿಯಾದರೂ ಇದೆಯಾ?

ಕಂಪನಿ ಬಸ್ ವಿಷಯದಲ್ಲಿ ಕೆಲಸಕ್ಕೆ ಸೇರುವ ದಿನವೇ ಎಚ್.ಆರ್. ಹತ್ತಿರ ಮೂರು ಪಾಳಿಯ ಪಿಕಪ್ ಪಟ್ಟಿ ಕೇಳಿ ಪಡೆಯಿರಿ. ಒಂದು ಪಾಳಿಗೆ ಬರುವ ಬಸ್ ಇನ್ನೊಂದು ಪಾಳಿಗೆ ಬರದೇ ಇರಬಹುದು. ನನ್ನ ಜೊತೆಯ ಒಬ್ಬಳಿಗೆ ಹೀಗೇ ಆಯಿತು. ಬಸ್ ನಿಲ್ಲುವ ಮೂಲೆಯಲ್ಲೇ ಮನೆ ಮಾಡಿದಳು. ಆರು ತಿಂಗಳಿಗೆ ಬಸ್ಸಿನ ಗುತ್ತಿಗೆ ಬದಲಾಯಿತು, ಆ ಮೂಲೆ ಪಟ್ಟಿಯಿಂದ ಹೋಯಿತು. ಒಂದೇ ಬಸ್ ಬರುವ ಒಳರಸ್ತೆಯನ್ನು ನಂಬಬೇಡಿ. ಎಲ್ಲ ಕಂಪನಿಗಳ ಬಸ್ಸೂ ಹಾದುಹೋಗುವ ದೊಡ್ಡ ಸರ್ಕಲ್‌ಗೆ ನಡೆದು ಹೋಗುವಷ್ಟು ದೂರದಲ್ಲಿ ಇರಿ. ನಾಳೆ ಕಂಪನಿ ಬದಲಾಯಿಸಿದರೂ ಮನೆ ಬದಲಾಯಿಸುವುದು ಬೇಡ.

ಕಂಪನಿ ಬಸ್ ತಪ್ಪಿದ ದಿನಕ್ಕೂ ಒಂದು ದಾರಿ ಇರಬೇಕು. ಕೋಲಾರ–ಬೆಂಗಳೂರು ಬಸ್ಸುಗಳು ಬೇಕಾದಷ್ಟಿವೆ. ಆದರೆ ನಾನ್‌ಸ್ಟಾಪ್ ಹತ್ತಿದರೆ ನರಸಾಪುರ ಹಿಂದೆ ಉಳಿಯುತ್ತದೆ. ಕಂಡಕ್ಟರನ್ನು ಕೇಳಿಯೇ ಹತ್ತಿ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಉಚಿತ. ನಮ್ಮ ಅತ್ತೆ ಆಧಾರ್ ಕಾರ್ಡನ್ನು ಸೆರಗಿಗೆ ಪಿನ್ನು ಹಾಕಿಕೊಂಡ ಪರ್ಸಿನಲ್ಲಿ ಇಟ್ಟುಕೊಂಡು ಮುಳಬಾಗಿಲು ಆಂಜನೇಯನ ಗುಡಿಗೂ ಹೋಗಿ ಬಂದರು. ನರಸಾಪುರದ ಆ ಮಹಡಿಯಲ್ಲಿ ಇದ್ದಿದ್ದರೆ ಬಸ್ ಉಚಿತ ಇದ್ದೂ ಬಸ್ ಸ್ಟಾಪಿಗೆ ನಡೆಯಲು ಆಗುತ್ತಿರಲಿಲ್ಲ.

ಸ್ವಂತ ಊರಿಗೆ ಹೋಗುವ ದಾರಿಯನ್ನೂ ಒಮ್ಮೆ ಮನಸ್ಸಿನಲ್ಲಿ ನಡೆದು ನೋಡಿ. ಕೆಟ್ಟ ಸುದ್ದಿಯ ಫೋನು ನಡುರಾತ್ರಿ ಬಂದರೆ ಹೇಗೆ ಹೊರಡುತ್ತೀರಿ? ನಮಗೆ ಕೋಲಾರದಿಂದ ಬೆಂಗಳೂರು, ಅಲ್ಲಿಂದ ರೈಲಿನಲ್ಲಿ ಅರಸೀಕೆರೆ. ಒಂದು ಸಲ ಹಾಗೆ ಹೊರಡಬೇಕಾಗಿ ಬಂತು. ಬಸ್ ಸ್ಟ್ಯಾಂಡ್ ನಡೆದು ಹೋಗುವಷ್ಟು ಹತ್ತಿರ ಇದ್ದದ್ದು ಆ ರಾತ್ರಿ ಎಷ್ಟು ದೊಡ್ಡದು ಅಂತ ಗೊತ್ತಾಯಿತು.

ನೀರು

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಹೇಮಾವತಿ ನೀರು, ತೋಟದ ಬಾವಿ ನೋಡಿ ಬೆಳೆದ ನಮಗೆ ಇದು ಅರ್ಥವಾಗಲು ಸಮಯ ಹಿಡಿಯಿತು. ಇಲ್ಲಿ ಮನೆ ನೋಡುವಾಗ ಅಡುಗೆಮನೆಗಿಂತ ಮೊದಲು ಸಂಪು ನೋಡಿ. ಮುಚ್ಚಳ ತೆಗೆಸಿ ನೋಡಿ, ನಾಚಿಕೆ ಬೇಡ.

ಕೇಳಬೇಕಾದ್ದು ಇವು. ನಗರಸಭೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಕಟ್ಟಡಕ್ಕೆ ಸ್ವಂತ ಬೋರ್ ಇದೆಯಾ? ಏಪ್ರಿಲ್, ಮೇ ತಿಂಗಳಲ್ಲಿ ಬೋರ್ ಹೇಗಿರುತ್ತದೆ? ಟ್ಯಾಂಕರ್ ಹಾಕಿಸಿದರೆ ದುಡ್ಡು ಓನರ್ ಕೊಡುತ್ತಾರಾ, ಬಾಡಿಗೆಯವರು ಹಂಚಿಕೊಳ್ಳಬೇಕಾ? ಈ ಉತ್ತರಗಳನ್ನು ಓನರ್ ಹತ್ತಿರ ಒಮ್ಮೆ ಕೇಳಿ, ಆಮೇಲೆ ಎದುರು ಮನೆಯ ಹೆಂಗಸರ ಹತ್ತಿರ ಒಮ್ಮೆ ಕೇಳಿ. ಎರಡೂ ಒಂದೇ ಆದರೆ ಮುಂದಿನ ಮಾತು ಆಡಿ. ನರಸಾಪುರದ ಮನೆಯಲ್ಲಿ "ನೀರಿಗೆ ಯೋಚನೆಯೇ ಬೇಡ" ಅಂದಿದ್ದರು. ಬೇಸಿಗೆಯವರೆಗೂ ಕಾಯಬೇಕಾಗಲಿಲ್ಲ. ಅಕ್ಟೋಬರ್‌ನಲ್ಲೇ ಟ್ಯಾಂಕರ್ ಲೆಕ್ಕ ಶುರುವಾಯಿತು. ತಿಂಗಳಿಗೆ 900 ರೂಪಾಯಿ ನಮ್ಮ ಪಾಲು. 6,500ರ ಬಾಡಿಗೆ 7,400 ಆಯಿತು.

ಕುಡಿಯುವ ನೀರಿನ ಮಾತು ಬೇರೆ. ಇಲ್ಲಿಯ ಆಳದ ಬೋರ್ ನೀರು ಗಡಸು. ಬಹಳ ಕಡೆ ಫ್ಲೋರೈಡ್ ಇದೆ. ಒಂದು ಲೀಟರ್‌ಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬರಬಹುದು, ಫ್ಲೋರೈಡ್ ಇನ್ನೂ ಜಾಸ್ತಿ ಇದ್ದರೆ ದೊಡ್ಡವರಿಗೆ ಮೂಳೆ ನೋವು. ನೀರು ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಇದನ್ನು ಎಷ್ಟೋ ತಾಯಂದಿರು ನನ್ನ ಹತ್ತಿರ "ನಾವು ಕಾಯಿಸಿಯೇ ಕೊಡುತ್ತೇವೆ" ಅಂದಾಗ ಹೇಳಿದ್ದೇನೆ. ಟಿ.ಡಿ.ಎಸ್. ಪೆನ್ನು ನೀರಿನಲ್ಲಿ ಒಟ್ಟು ಎಷ್ಟು ಲವಣ ಇದೆ ಅಂತಷ್ಟೇ ತೋರಿಸುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಹೇಳುವುದಿಲ್ಲ. ಅದಕ್ಕೆ ಲ್ಯಾಬ್‌ಗೆ ಕೊಟ್ಟು ಪರೀಕ್ಷೆ ಮಾಡಿಸಬೇಕು. ಅಷ್ಟೆಲ್ಲ ಮಾಡಲು ಆಗದಿದ್ದರೆ ಬೋರ್ ನೀರನ್ನು ಕುಡಿಯಲು ಬಳಸಲೇಬೇಡಿ. ಮನೆಯಲ್ಲಿ ಆರ್.ಓ. ಹಾಕಿಸಿ, ಇಲ್ಲವೇ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತನ್ನಿ. ನಮ್ಮ ಬೀದಿ ತುದಿಯ ಘಟಕದಲ್ಲಿ ಕಾಯಿನ್ ಹಾಕಿದರೆ 20 ಲೀಟರ್ ಬರುತ್ತದೆ. ಮನೆಯಿಂದ ಘಟಕ ಎಷ್ಟು ದೂರ, ತುಂಬಿದ ಕ್ಯಾನ್ ಹೊತ್ತು ಎಷ್ಟು ಮೆಟ್ಟಿಲು ಹತ್ತಬೇಕು ಅನ್ನುವುದನ್ನೂ ನೋಡಿಕೊಳ್ಳಿ. 20 ಲೀಟರ್ ಅಂದರೆ 20 ಕೆ.ಜಿ.

ನೀರಿನ ಸ್ಥಿತಿ ಮೊದಲಿಗಿಂತ ಸುಧಾರಿಸಿದೆ. ಅದನ್ನೂ ಹೇಳಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಇಲ್ಲಿಯ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ ಕಡೆ ಸುತ್ತಲಿನ ಬೋರ್‌ಗಳಲ್ಲಿ ನೀರು ಮೇಲೆ ಬಂತು ಅಂತ ರೈತರು ಹೇಳುತ್ತಾರೆ. ಆದರೆ ಅದು ಅಂತರ್ಜಲ ಹೆಚ್ಚಿಸಲು ಬಿಡುವ ನೀರು, ನೇರವಾಗಿ ಕುಡಿಯಲು ಅಲ್ಲ. "ನಮ್ಮ ಪಕ್ಕದಲ್ಲೇ ಕೆರೆ ತುಂಬಿದೆ, ಬೋರ್ ನೀರು ಸಿಹಿ" ಅಂತ ಮನೆ ತೋರಿಸುವವರು ಹೇಳಿದರೆ ಸ್ನಾನಕ್ಕೆ, ಬಟ್ಟೆಗೆ ಸರಿ ಅಂತ ಇಟ್ಟುಕೊಳ್ಳಿ. ಯರಗೋಳ್ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದು ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳ ಕುಡಿಯುವ ನೀರಿಗಾಗಿ ಕಟ್ಟಿದ್ದು. ನೀವು ನೋಡುವ ಬೀದಿಗೆ ಆ ಪೈಪ್ ಬಂದಿದೆಯಾ, ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಅಂತ ಅದೇ ಬೀದಿಯಲ್ಲಿ ಕೇಳಿ.

ಮೀಟರ್, ಅಡ್ವಾನ್ಸ್, ಭೋಗ್ಯ

ಮನೆಗೆ ಬೇರೆ ಕರೆಂಟು ಮೀಟರ್ ಇರಲೇಬೇಕು. ಕಾರ್ಮಿಕರಿಗೆಂದೇ ಕಟ್ಟಿದ ಕಟ್ಟಡಗಳಲ್ಲಿ ಇಡೀ ಮಹಡಿಗೆ ಒಂದೇ ಮೀಟರ್ ಇಟ್ಟು, ಯೂನಿಟ್‌ಗೆ ಇಷ್ಟು ಅಂತ ಓನರ್ ವಸೂಲಿ ಮಾಡುವುದುಂಟು. ಹಾಗಿದ್ದರೆ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ನಿಮಗೆ ಸಿಗುವುದಿಲ್ಲ. ಬಾಡಿಗೆಯವರಿಗೂ ಆ ಯೋಜನೆ ಇದೆ, ಆದರೆ ಕರೆಂಟು ಬಿಲ್ಲಿನಲ್ಲಿರುವ ಮನೆಯ ಆರ್.ಆರ್. ಸಂಖ್ಯೆಗೆ ನಿಮ್ಮ ಆಧಾರ್ ಜೋಡಿಸಬೇಕು. ಹಿಂದಿನ ಬಾಡಿಗೆಯವರು ತಮ್ಮ ಆಧಾರ್ ಬಿಡಿಸಿ ಹೋಗಿದ್ದಾರಾ ಅಂತ ಬೀಗ ತೆಗೆದುಕೊಳ್ಳುವ ಮೊದಲೇ ಕೇಳಿ. ನೀವು ಖಾಲಿ ಮಾಡುವಾಗಲೂ ಮರೆಯದೆ ಬಿಡಿಸಿ ಬನ್ನಿ.

ಅಡ್ವಾನ್ಸ್ ಕೊಟ್ಟದ್ದನ್ನು ಕರಾರಿನಲ್ಲಿ ಬರೆಸಿ, ಬ್ಯಾಂಕಿನ ಮೂಲಕವೇ ಕಳಿಸಿ. 11 ತಿಂಗಳ ಕರಾರು ಮಾಡುವುದು ರೂಢಿ. ಅದರಲ್ಲಿ ಬಣ್ಣ ಬಳಿಸಲು ಎಷ್ಟು ಹಿಡಿಯುತ್ತಾರೆ, ಎಷ್ಟು ತಿಂಗಳು ಮೊದಲು ಹೇಳಬೇಕು ಅನ್ನುವುದು ಸ್ಪಷ್ಟವಾಗಿರಲಿ. ನರಸಾಪುರದ ಮನೆಯಿಂದ ನಮಗೆ 40,000ದಲ್ಲಿ 29,000 ಮಾತ್ರ ವಾಪಸ್ ಬಂತು. ಕರಾರಿನಲ್ಲಿ ಬಣ್ಣದ ಮಾತೇ ಇರಲಿಲ್ಲ, ಹಾಗಾಗಿ ವಾದ ಮಾಡಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಭೋಗ್ಯಕ್ಕೆ ಹಾಕಿಕೊಳ್ಳಿ ಅಂತ ಬ್ರೋಕರ್‌ಗಳು ಹೇಳುತ್ತಾರೆ. ಒಂದೇ ಸಲ ಲಕ್ಷಗಟ್ಟಲೆ ಕೊಟ್ಟರೆ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ವಾಪಸ್. ಕೇಳಲು ಚೆಂದ. ಊರಲ್ಲಿ ಜಮೀನು ಮಾರಿದ ದುಡ್ಡು, ಮದುವೆಗೆ ಇಟ್ಟ ದುಡ್ಡು ಇದಕ್ಕೆ ಹಾಕುವವರಿದ್ದಾರೆ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು, ಓನರ್ ಕಂತು ಕಟ್ಟದಿದ್ದರೆ ನಿಮ್ಮ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಮಾಡಲೇಬೇಕು ಅಂತಿದ್ದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಆಸ್ತಿಯ ಋಣಭಾರ ಪತ್ರ) ತೆಗೆಸಿ, ವಕೀಲರಿಗೆ ತೋರಿಸಿ, ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಹೊಸ ಊರಿಗೆ ಬಂದ ಮೊದಲ ವರ್ಷ ಬೇಡವೇ ಬೇಡ ಅನ್ನುವುದು ನನ್ನ ಮಾತು. ಕೆಲಸ ಹೊಂದುತ್ತದೋ ಇಲ್ಲವೋ ನಿಮಗೇ ಗೊತ್ತಿರುವುದಿಲ್ಲ.

ಯಾವಾಗ ಬರಬೇಕು

ಸಂಸಾರ ಕರೆದುಕೊಂಡು ಬರುವವರಾದರೂ ಮೊದಲ ಒಂದು ತಿಂಗಳು ಒಬ್ಬರೇ ಬನ್ನಿ. ಪಿ.ಜಿ.ಯಲ್ಲಿ ಇರಿ. ಪಾಳಿ ಹೇಗೆ ಬದಲಾಗುತ್ತದೆ, ಓವರ್‌ಟೈಮ್ ಎಷ್ಟು, ಬಸ್ ಎಲ್ಲೆಲ್ಲಿ ನಿಲ್ಲುತ್ತದೆ ಅನ್ನುವುದು ಅಷ್ಟರಲ್ಲಿ ತಿಳಿಯುತ್ತದೆ. ರಜೆಯ ದಿನ ಮನೆ ನೋಡಿ. ನಿಮಗೆ ಹಿಡಿಸಿದ ಮೂರು ಮನೆಗಳನ್ನು ಆರಿಸಿಕೊಂಡು ಮನೆಯವರನ್ನು ಒಂದು ದಿನಕ್ಕೆ ಕರೆಸಿ. ಫೋಟೋ, ವಿಡಿಯೋ ಸಾಲದು. ಅತ್ತೆ ಮೆಟ್ಟಿಲು ಹತ್ತಿ ನೋಡಲಿ. ಮಗು ಶಾಲೆವರೆಗೆ ನಡೆದು ನೋಡಲಿ. ಮೂರರಲ್ಲಿ ಯಾವುದು ಅನ್ನುವುದನ್ನು ಅವರೇ ಹೇಳಲಿ.

ಮಕ್ಕಳಿದ್ದರೆ ಮೇ ತಿಂಗಳಲ್ಲಿ ಬರುವುದು ಒಳ್ಳೆಯದು. ಹಳೆಯ ಶಾಲೆಯಿಂದ ಟಿ.ಸಿ. ಜೊತೆಗೆ ಶಿಕ್ಷಣ ಇಲಾಖೆ ಪ್ರತಿ ಮಗುವಿಗೂ ಕೊಡುವ ಸ್ಯಾಟ್ಸ್ ಸಂಖ್ಯೆ ಬರೆಸಿಕೊಂಡು ಬನ್ನಿ. ಅದು ಇಲ್ಲದೆ ಇಲ್ಲಿಯ ಶಾಲೆಯವರು ದಾಖಲಾತಿ ಮುಗಿಸಲು ಒದ್ದಾಡುತ್ತಾರೆ. ಸಂಬಳ ತಿಂಗಳಿಗೆ 21,000ದ ಒಳಗಿದ್ದು ಇ.ಎಸ್.ಐ. (ನೌಕರರ ಆರೋಗ್ಯ ವಿಮೆ) ಇರುವವರು ಡಿಸ್ಪೆನ್ಸರಿಯನ್ನು ಹೊಸ ವಿಳಾಸಕ್ಕೆ ಬದಲಾಯಿಸಿಕೊಳ್ಳಿ. ಮನೆಯವರ ಹೆಸರು, ವಯಸ್ಸಾದ ಅಪ್ಪ ಅಮ್ಮನ ಹೆಸರು ಅದರಲ್ಲಿ ಸೇರಿದೆಯಾ ನೋಡಿ. ಕಾಯಿಲೆ ಬಂದ ಮೇಲೆ ಈ ಕೆಲಸಕ್ಕೆ ಓಡಾಡಬಾರದು. ಮನೆಗೆ ಬಂದ ಮೊದಲ ವಾರವೇ ಬೀದಿಯ ಇಬ್ಬರು ಆಟೋದವರ ನಂಬರ್ ತೆಗೆದುಕೊಂಡು ಗೋಡೆಗೆ ಅಂಟಿಸಿ. 108 ಅಂತಲೂ ದೊಡ್ಡದಾಗಿ ಬರೆಯಿರಿ. ಕಾರ್ಖಾನೆಯ ಸೆಕ್ಯುರಿಟಿ ಗೇಟಿನ ಫೋನ್ ನಂಬರ್ ಕೂಡ ಅಲ್ಲಿರಲಿ. ನಿಮ್ಮ ಮೊಬೈಲ್ ಲಾಕರ್‌ನಲ್ಲಿದ್ದರೂ ಗೇಟಿನವರು ಬಂದು ಕರೆಯುತ್ತಾರೆ. ನಮಗೆ ಇದು ಹೊಳೆದದ್ದು ಆ ಜನವರಿ ರಾತ್ರಿ ಕಳೆದ ಮೇಲೆ.

ಹೋದ ಭಾನುವಾರ ಗದಗ ಕಡೆಯಿಂದ ಬಂದ ಹೊಸ ಹುಡುಗನೊಬ್ಬ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. ಆಕೆಗೆ ಐದು ತಿಂಗಳು. ಅವನ ಕೈಯಲ್ಲಿ ನರಸಾಪುರದ ಒಂದು ಮನೆಯ ಫೋಟೋ, ಕೋಲಾರದ ಎರಡು ಮನೆಯ ಫೋಟೋ. ನಾನು ಹಾಳೆ, ಪೆನ್ನು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅತ್ತೆ ಕೋಲು ಹಿಡಿದು ಎದ್ದಿದ್ದರು. "ಬಾಮ್ಮ, ಹಿಂದಿನ ಬೀದೀಲಿ ಕೆಳಗಿನ ಮನೆ ಖಾಲಿ ಇದೆ. ನೀರು ಬರೋ ದಿನ ಇವತ್ತೇ, ನೋಡ್ಕೊಂಡು ಬರೋಣ" ಅಂದರು. ಇಬ್ಬರೂ ನಿಧಾನವಾಗಿ ನಡೆದು ಹೋದರು. ಹುಡುಗ, ನಾನು ಹಿಂದೆ ಹೋದೆವು.